ಮೆಡಿಕಲ್ ಶಾಪ್‌ನಲ್ಲಿ 6 ವರ್ಷ ಕೆಲಸ ಮಾಡಿದ ಮೇಲೂ ಡಿ.ಫಾರ್ಮ ಓದಲೇಬೇಕಾ? ಅನುಭವಕ್ಕೆ ಬೆಲೆ ಇಲ್ವಾ?

ನಿಮ್ಮ ಪ್ರಶ್ನೆ ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಪಿಯುಸಿ ಸೈನ್ಸ್ ಮುಗಿಸಿ ಆರು ವರ್ಷದಿಂದ ಕೌಂಟರ್‌ನಲ್ಲಿ ನಿಂತಿದ್ದೀರಿ. ಮೊನ್ನೆ ಸೇರಿದ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಹುಡುಗನಿಗೆ ನಿಮಗಿಂತ ನಾಲ್ಕು ಸಾವಿರ ಜಾಸ್ತಿ ಸಂಬಳ. ಅವನಿಗೆ ಏನೂ ಬರಲ್ಲ, ಡಾಕ್ಟರ ಚೀಟಿ ಓದಿ ಹೇಳೋದು ಮಾತ್ರ ನೀವು. ಅಷ್ಟೇ ಅಲ್ವಾ? ಈ ಉರಿಯನ್ನು ನಾನು ಹತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವನು.

2004ರಲ್ಲಿ ಪಿಯುಸಿ ಕಾಮರ್ಸ್ ಫೇಲಾಗಿ ಹೊಸನಗರದ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದೆ. ದುರ್ಗಿಗುಡಿ ಗೊತ್ತಲ್ಲ, ಕ್ಲಿನಿಕ್‌ಗಳು ಒಂದರ ಪಕ್ಕ ಒಂದು ಇವೆ, ಅವಕ್ಕೆ ತಕ್ಕ ಹಾಗೆ ಮೆಡಿಕಲ್‌ಗಳೂ. ಅಲ್ಲಿ ಒಂದು ಅಂಗಡಿಯಲ್ಲಿ ತಿಂಗಳಿಗೆ 900 ರೂಪಾಯಿಗೆ ಸೇರಿಕೊಂಡೆ. ಮೊದಲ ಆರು ತಿಂಗಳು ಬಾಕ್ಸ್ ಒಡೆದು ರ‍್ಯಾಕಿಗೆ ಜೋಡಿಸೋದು, ಶಾರ್ಟ್ ಬುಕ್ (ಖಾಲಿಯಾದ ಔಷಧಗಳ ಪಟ್ಟಿ) ಬರೆಯೋದು, ಎಕ್ಸ್‌ಪೈರಿ ಆರಿಸಿ ಸ್ಟಾಕಿಸ್ಟ್‌ಗೆ ವಾಪಸ್ ಕಟ್ಟೋದು. ಆಮೇಲೆ ಕೌಂಟರ್. ಎರಡು ವರ್ಷ ಆಗೋ ಹೊತ್ತಿಗೆ ಯಾವ ಡಾಕ್ಟರ್ ಯಾವ ಕಂಪನಿ ಬರೀತಾರೆ, ಯಾವ ಎಂ.ಆರ್. (ಔಷಧ ಕಂಪನಿಯ ಪ್ರತಿನಿಧಿ) ಯಾವತ್ತು ಬಂದು ಯಾವ ಸ್ಕೀಮ್ ಕೊಡ್ತಾನೆ, ಎಲ್ಲ ಬಾಯಿಪಾಠ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ಮತ್ತು ಬ್ಯಾಚ್ ನಂಬರ್ ಇರುವ ತುದಿ ಅಂಗಡಿಯಲ್ಲೇ ಉಳಿಯಬೇಕು ಅನ್ನೋದನ್ನು ಕೈಗೆ ಹೊಡೆದು ಕಲಿಸಿದ್ದರು. "ಬಿಳಿ ಮಾತ್ರೆ, ಸಣ್ಣದು, ಬಿಪಿಗೆ ಅಂತ ಕೊಟ್ಟಿದ್ರಲ್ಲ" ಅಂತ ಅಜ್ಜಿ ಬಂದರೆ ಯಾವುದು ಅಂತ ಎರಡು ಪ್ರಶ್ನೆಯಲ್ಲಿ ಹಿಡಿಯುತ್ತಿದ್ದೆ.

ಕಾನೂನು ಪ್ರಕಾರ ಅಂಗಡಿಯಲ್ಲಿ ಇರಲೇಬೇಕಾದ ಫಾರ್ಮಸಿಸ್ಟ್ ಎಲ್ಲಿದ್ದರು ಅಂತೀರಾ? ಗೋಡೆ ಮೇಲಿದ್ದರು. ಫ್ರೇಮ್ ಹಾಕಿಸಿ ಗಣಪತಿ ಫೋಟೋ ಪಕ್ಕ ತೂಗು ಹಾಕಿದ್ದ ರಿಜಿಸ್ಟ್ರೇಷನ್ ಸರ್ಟಿಫಿಕೇಟ್. ಅದರಲ್ಲಿರುವ ಮನುಷ್ಯನನ್ನು ನಾನು ಒಂಬತ್ತು ವರ್ಷದಲ್ಲಿ ನಾಲ್ಕೈದು ಸಲ ನೋಡಿರಬಹುದು. ತಿಂಗಳ ದುಡ್ಡು ಇಸ್ಕೊಂಡು ಹೋಗೋಕೆ ಬರುತ್ತಿದ್ದರು.

ಈಗ ನನ್ನ ತಪ್ಪಿಗೆ ಬರ್ತೀನಿ. ನೀವು ಕೇಳಿದ್ದು ಇದನ್ನಲ್ಲ, ಆದರೂ ಇದನ್ನೇ ಹೇಳಬೇಕು.

ವರ್ಷಕ್ಕೆ ಎರಡು ಸಲ ಅಂಗಡಿಗೆ ಲೆಕ್ಕ ಬರೆಯೋಕೆ ಒಬ್ಬರು ವಯಸ್ಸಾದವರು ಬರುತ್ತಿದ್ದರು. ಬಿಳಿ ಪಂಚೆ, ಕಿವಿಗೆ ಸಿಗಿಸಿದ ಪೆನ್ನು. 2007ರಲ್ಲಿ ಇರಬೇಕು, ಒಂದು ದಿನ ಟೀ ಕೊಡೋಕೆ ಹೋದಾಗ ಅವರು ಮೆಲ್ಲಗೆ ಹೇಳಿದರು: "ಹುಡುಗಾ, ನಿನ್ನ ಹೆಸರು ಈ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಿನ್ನ ಸಂಬಳ 'ಇತರೆ ಖರ್ಚು' ಅಂತ ಹೋಗ್ತಿದೆ. ಯಜಮಾನರ ಹತ್ರ ಒಂದು ಅಪಾಯಿಂಟ್‌ಮೆಂಟ್ ಲೆಟರ್ ಬರೆಸಿಕೋ." ಇತರೆ ಖರ್ಚು ಅಂದರೆ ಟೀ, ಕಾಫಿ, ಊದುಬತ್ತಿ, ರಬ್ಬರ್ ಬ್ಯಾಂಡು. ನಾನು ನಕ್ಕೆ. "ನಂಬಿಕೆ ಇದ್ಮೇಲೆ ಪೇಪರ್ ಯಾಕೆ ಸಾರ್?" ಅಂದೆ. ಆ ವರ್ಷ ನನ್ನ ತಂಗಿ ಮದುವೆಗೆ ಓನರ್ ಇಪ್ಪತ್ತು ಸಾವಿರ ಕೈಗಡ ಕೊಟ್ಟಿದ್ದರು. ಅಂಥವರ ಹತ್ರ ಲೆಟರ್ ಕೇಳೋದು ಅಂದರೆ ಅವರ ಮುಖಕ್ಕೆ ಹೊಡೆದ ಹಾಗೆ ಅನ್ನಿಸಿತ್ತು.

ನೋಡಿ, ಇದೇ ತಪ್ಪು. ಓದದೇ ಇದ್ದದ್ದಲ್ಲ, ಪಿಯುಸಿ ಫೇಲಾದದ್ದೂ ಅಲ್ಲ. ಸಂಬಂಧ ಚೆನ್ನಾಗಿದ್ದಾಗ ಕೇಳದೇ ಇದ್ದದ್ದು. ಅವತ್ತು ಕೇಳಿದ್ದರೆ ಅವರು ಖಂಡಿತ ಬರೆದು ಕೊಡುತ್ತಿದ್ದರು. ಎರಡೇ ಸಾಲು. ಇಂಥ ತಾರೀಕಿನಿಂದ ಇಂಥವನು ನಮ್ಮಲ್ಲಿ ಸೇಲ್ಸ್‌ಮನ್ ಆಗಿ ಕೆಲಸ ಮಾಡುತ್ತಿದ್ದಾನೆ ಅಂತ, ಕೆಳಗೆ ಸಹಿ, ಸೀಲು. ಸೀಲು ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರುತ್ತಿತ್ತು. ದಿನಕ್ಕೆ ಐವತ್ತು ಬಿಲ್ಲಿಗೆ ನಾನೇ ಒತ್ತುತ್ತಿದ್ದೆ. ನನ್ನ ಹೆಸರಿರುವ ಒಂದು ಹಾಳೆಗೆ ಅದನ್ನು ಒತ್ತಿಸಿಕೊಳ್ಳಬೇಕು ಅಂತ ಒಂಬತ್ತು ವರ್ಷದಲ್ಲಿ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನೋದೂ ಸುಳ್ಳು, ಆ ಪಂಚೆ ಸಾಹೇಬರು ಹೇಳಿದ್ದರಲ್ಲ. ಹೊಳೆದದ್ದನ್ನು ನಾಚಿಕೆಯಿಂದ ಬಿಟ್ಟೆ.

2013ರ ದೀಪಾವಳಿ. ಅದಕ್ಕೂ ಒಂದು ವರ್ಷ ಮುಂಚೆ ಓನರ್ ಸಂಬಂಧಿಕರ ಹುಡುಗ ಬಿ.ಫಾರ್ಮ ಮುಗಿಸಿ ಅಂಗಡಿಗೆ ಬಂದಿದ್ದ. ಬೋನಸ್ ಕವರ್ ಕೊಟ್ಟರು. ಅವನಿಗೆ 5,000, ನನಗೆ 2,000. ನಾನು ಕವರ್ ಕೌಂಟರ್ ಮೇಲಿಟ್ಟೆ, ಅದರ ಮೇಲೆ ರೋಲಿಂಗ್ ಶಟರ್ ಕೀ ಇಟ್ಟೆ, ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಅವತ್ತು ಬಸ್ ಸ್ಟ್ಯಾಂಡ್‌ವರೆಗೆ ನಡೆಯುವಾಗ ನಾನು ಹೀರೋ.

ಆಮೇಲೆ ಭದ್ರಾವತಿಯಲ್ಲಿ ಇನ್ನೊಂದು ಮೆಡಿಕಲ್ ಸೇರಿದೆ. ಅಲ್ಲಿ ನಡೆದ ಒಂದು ವಿಷಯ ಹೇಳಬೇಕು, ನಿಮ್ಮ ಪ್ರಶ್ನೆಯಲ್ಲಿರುವ "ಅವನಿಗೆ ಏನೂ ಬರಲ್ಲ" ಅನ್ನೋ ಮಾತಿಗೆ.

ಆ ಅಂಗಡಿಯಲ್ಲಿ ಫಾರ್ಮಸಿಸ್ಟ್ ನಿಜವಾಗಿ ಇದ್ದರು. ಡಿ.ಫಾರ್ಮ ಆದ ಹುಡುಗಿ, ಇಪ್ಪತ್ತೆರಡು ವರ್ಷ ಇರಬಹುದು. ಚೀಟಿ ಓದೋಕೆ ತಡವರಿಸುತ್ತಿದ್ದಳು. ನಾನು ಮೊದಲ ವಾರದಿಂದಲೇ ಗೇಲಿ ಮಾಡುತ್ತಿದ್ದೆ. ಒಂದು ಸಂಜೆ ಗಂಟುನೋವಿನ ಚೀಟಿ ಹಿಡಿದು ಒಬ್ಬರು ಹೆಂಗಸು ಬಂದರು. ಕೈಬೆರಳೆಲ್ಲ ಊದಿಕೊಂಡಿದ್ದವು. ಮೆಥೋಟ್ರೆಕ್ಸೇಟ್ ಇತ್ತು, ಜೊತೆಗೆ ಫೋಲಿಕ್ ಆ್ಯಸಿಡ್. ನಾನು ಮಾತ್ರೆ ಕತ್ತರಿಸಿ ಕವರಿಗೆ ಹಾಕಿ, ಮೇಲೆ ಅಭ್ಯಾಸಬಲದಿಂದ 1-0-0 ಅಂತ ಬರೆದೆ. ದಿನಾ ಬೆಳಿಗ್ಗೆ ಒಂದು. ಕೈ ತಾನಾಗೇ ಬರೆಯಿತು, ತಲೆ ಅದರಲ್ಲಿ ಇರಲೇ ಇಲ್ಲ.

ಅವಳು ಪಕ್ಕದಿಂದ ಕವರ್ ಎಳೆದುಕೊಂಡಳು. "ಅಣ್ಣ, ಇದು ವಾರಕ್ಕೊಂದು ಸಲ."

ಚೀಟಿ ಮತ್ತೆ ನೋಡಿದೆ. ವಾರಕ್ಕೊಮ್ಮೆ ಅಂತಲೇ ಇತ್ತು, ಗೀಚಿದ ಹಾಗೆ. ಅವಳು ಆ ಹೆಂಗಸನ್ನು ಕೇಳಿದಳು, "ಅಮ್ಮಾ, ನಿಮಗೆ ಯಾವ ವಾರ ನೆನಪಿರುತ್ತೆ?" ಸೋಮವಾರ ಅಂದರು. ಹಳೇ ಕವರ್ ಹರಿದು ಹಾಕಿ ಹೊಸದರ ಮೇಲೆ ಕನ್ನಡದಲ್ಲಿ ದಪ್ಪಗೆ "ಸೋಮವಾರ ಮಾತ್ರ" ಅಂತ ಬರೆದಳು. ಅವರು ಹೋದ ಮೇಲೆ ನನಗೆ ಹೇಳಿದಳು: ಆ ಮಾತ್ರೆ ದಿನಾ ನುಂಗಿದರೆ ಮೂಳೆಯೊಳಗೆ ರಕ್ತ ಹುಟ್ಟೋದೇ ಕುಸಿಯುತ್ತೆ, ಬಾಯಲ್ಲಿ ಹುಣ್ಣು ಬರುತ್ತೆ, ಜನ ಸತ್ತಿದ್ದಾರೆ. ಫೋಲಿಕ್ ಆ್ಯಸಿಡ್ ಯಾಕೆ ಜೊತೆಗೆ ಬರೀತಾರೆ ಅನ್ನೋದನ್ನೂ ಹೇಳಿದಳು. ಎರಡನ್ನೂ ಜೋಡಿಯಾಗಿ ಒಂಬತ್ತು ವರ್ಷ ಮಾರಿದ್ದೆ. ಯಾಕೆ ಜೋಡಿ ಅಂತ ಒಂದು ದಿನ ಕೇಳಿಕೊಂಡಿರಲಿಲ್ಲ.

ಅವತ್ತಿನಿಂದ ಚೀಟಿ ಓದೋ ವಿದ್ಯೆ ಬಗ್ಗೆ ನನಗೆ ಹೆಮ್ಮೆ ಇಲ್ಲ. ನಾವು ಓದೋದಲ್ಲ ಅದು, ಊಹೆ ಮಾಡೋದು. ಈ ಡಾಕ್ಟರ್ ಸಾಮಾನ್ಯವಾಗಿ ಏನು ಬರೀತಾರೆ ಅಂತ ಗೊತ್ತಿರೋದರಿಂದ ಮೊದಲ ಎರಡಕ್ಷರ ನೋಡಿ ಉಳಿದದ್ದು ನಾವೇ ತುಂಬಿಕೊಳ್ತೀವಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಇರುತ್ತೆ. ತಡವರಿಸೋ ನಿಮ್ಮ ಡಿ.ಫಾರ್ಮ ಹುಡುಗ ಗೊತ್ತಾಗದಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡ್ತಾನೆ. ನಾವು ಮಾಡಲ್ಲ, ಮರ್ಯಾದೆ ಪ್ರಶ್ನೆ ನಮಗೆ.

ಇರಲಿ. ಮತ್ತೆ ನನ್ನ ಲೆಟರ್‌ಗೆ ಬರ್ತೀನಿ.

2015ರಲ್ಲಿ ತಂಗಿಯ ಗಂಡ ಒಂದು ಮಾತು ತಂದ. ಔಷಧದ ಹೋಲ್‌ಸೇಲ್ ಏಜೆನ್ಸಿ ಮಾಡೋಣ, ದುಡ್ಡು ನನ್ನದು, ಕೆಲಸ ನಿನ್ನದು. ಮಾರ್ಜಿನ್ ನೂರಕ್ಕೆ ಎಂಟು-ಹತ್ತು, ಆದರೆ ವಹಿವಾಟು ದೊಡ್ಡದು. ನನಗೆ ಆ ವ್ಯಾಪಾರ ಒಳಗೂ ಹೊರಗೂ ಗೊತ್ತು. ಲೈಸೆನ್ಸ್ ಬಗ್ಗೆ ವಿಚಾರಿಸಿದಾಗ ಖುಷಿಯೋ ಖುಷಿ. ಇದು ನಿಮಗೂ ಗೊತ್ತಿರಲಿ, ಬಹಳ ಜನಕ್ಕೆ ಗೊತ್ತಿಲ್ಲ: ರೀಟೇಲ್ ಅಂಗಡಿಗೆ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಬೇಕೇ ಬೇಕು, ಆದರೆ ಹೋಲ್‌ಸೇಲ್‌ಗೆ ಹಾಗಿಲ್ಲ. 1945ರ ಡ್ರಗ್ಸ್ ರೂಲ್ಸ್‌ನ 64ನೇ ನಿಯಮದಲ್ಲಿ ಮೂರು ದಾರಿ ಇವೆ. ಫಾರ್ಮಸಿಸ್ಟ್ ಆಗಿರಬೇಕು, ಇಲ್ಲವೇ ಯಾವುದಾದರೂ ಡಿಗ್ರಿ ಜೊತೆ ಔಷಧ ವ್ಯಾಪಾರದಲ್ಲಿ 1 ವರ್ಷದ ಅನುಭವ, ಇಲ್ಲವೇ ಎಸ್ಸೆಸ್ಸೆಲ್ಸಿ ಪಾಸಾಗಿ 4 ವರ್ಷದ ಅನುಭವ. ಅಂದರೆ ಕಾನೂನೇ ಹೇಳ್ತಿದೆ, ಎಸ್ಸೆಸ್ಸೆಲ್ಸಿ ಓದಿದ ನನ್ನಂಥವನ ಅನುಭವಕ್ಕೆ ಬೆಲೆ ಇದೆ ಅಂತ. ನನ್ನ ಹತ್ರ ಇದ್ದದ್ದು ಹತ್ತು ವರ್ಷಕ್ಕೂ ಜಾಸ್ತಿ. ಮಳಿಗೆ 10 ಚದರ ಮೀಟರ್‌ಗಿಂತ ಕಡಿಮೆ ಇರಬಾರದು ಅಂತ ನಿಯಮ. ಹನ್ನೆರಡು ಬೈ ಹದಿನಾಲ್ಕು ಅಡಿಯದು ಸಿಕ್ಕಿತು. 50,000 ಅಡ್ವಾನ್ಸ್ ಕೊಟ್ಟೆವು. ರ‍್ಯಾಕ್‌ಗೆ ಅಳತೆಯೂ ಆಯಿತು.

ಅರ್ಜಿ ತುಂಬಿಸುತ್ತಿದ್ದವರು ಕೇಳಿದರು, "ಅನುಭವದ ಸರ್ಟಿಫಿಕೇಟ್ ಎಲ್ಲಿ? ಲೈಸೆನ್ಸ್ ಇರೋ ಅಂಗಡಿಯವರು ಕೊಟ್ಟಿದ್ದು ಬೇಕು, ಲೈಸೆನ್ಸ್ ನಂಬರ್ ಸಮೇತ."

ಭದ್ರಾವತಿಯವರು ಅವತ್ತೇ ಬರೆದು ಕೊಟ್ಟರು. ಒಂದು ವರ್ಷ ಎಂಟು ತಿಂಗಳು. ಇನ್ನು ಎರಡು ವರ್ಷ ನಾಲ್ಕು ತಿಂಗಳು ಬೇಕು. ಒಂಬತ್ತು ವರ್ಷ ದುಡಿದ ಅಂಗಡಿಗೆ ಹೋದೆ, ಕೈಯಲ್ಲಿ ಅರ್ಧ ಕೆಜಿ ಮೈಸೂರು ಪಾಕ್. ಅವರು ಕೂರಿಸಿದರು, ಟೀ ತರಿಸಿದರು, ಮನೆ ಕಡೆ ವಿಚಾರಿಸಿದರು. ಆಮೇಲೆ ಹೇಳಿದರು: "ನಮ್ಮ ಪುಸ್ತಕದಲ್ಲಿ ನೀನು ಇಲ್ವಲ್ಲಪ್ಪ. ಇಲ್ಲದವನಿಗೆ ಹೆಂಗೆ ಬರೆದುಕೊಡ್ಲಿ?"

ದೀಪಾವಳಿಯ ಸೇಡು ಅಂತ ಆಗ ಅಂದುಕೊಂಡೆ. ಈಗ ಯೋಚನೆ ಮಾಡಿದರೆ ಸೇಡು ಅಷ್ಟಿಲ್ಲ, ಭಯ. ಒಂಬತ್ತು ವರ್ಷ ಇವನೇ ಔಷಧ ಕೊಟ್ಟಿದ್ದು ಅಂತ ಸಹಿ ಹಾಕಿದರೆ, ಹಾಗಾದರೆ ಗೋಡೆ ಮೇಲಿದ್ದವರು ಏನು ಮಾಡ್ತಿದ್ದರು ಅಂತ ಯಾರಾದರೂ ಕೇಳಬಹುದಲ್ಲ? ಸಂಬಳದ ಲೆಕ್ಕ ಎಲ್ಲಿ ಅಂತ ಕೇಳಬಹುದಲ್ಲ? ನಮ್ಮಂಥವರ ಅನುಭವಕ್ಕೆ ಕಾಗದ ಯಾಕೆ ಇರಲ್ಲ ಅಂದರೆ, ಆ ಅನುಭವವೇ ಯಾರದೋ ಸುಳ್ಳಿನ ನೆರಳಲ್ಲಿ ಬೆಳೆದದ್ದು. ಹಾಗಾಗಿ ಸಂಬಂಧ ಕೆಟ್ಟು ಹೊರಬಂದವನಿಗೆ ಯಾರೂ ಬರೆದುಕೊಡಲ್ಲ. ಒಳಗಿದ್ದಾಗ, ಅವರಿಗೆ ನಾವು ಬೇಕಾಗಿದ್ದಾಗ, ಹೆಸರು ಪುಸ್ತಕಕ್ಕೆ ಸೇರಿಸಿಕೊಳ್ಳಬೇಕಿತ್ತು. 2007ರಲ್ಲಿ. ಟೀ ಕೊಟ್ಟ ದಿನ.

ಮಳಿಗೆ ಅಡ್ವಾನ್ಸ್ ಅರ್ಧ ವಾಪಸ್ ಬಂತು. ತಂಗಿಯ ಗಂಡ ಪಾಪ ಆರು ತಿಂಗಳು ಕಾದ, ಆಮೇಲೆ ಬಿ.ಕಾಂ ಆದ ಅವನ ಸ್ನೇಹಿತನ ಜೊತೆ ಏಜೆನ್ಸಿ ಶುರು ಮಾಡಿದ. ಡಿಗ್ರಿ, ಒಂದು ವರ್ಷದ ಲೆಟರ್, ಮುಗೀತು. ಆ ಸ್ನೇಹಿತನಿಗೆ ಶಾರ್ಟ್ ಬುಕ್ ಅಂದರೆ ಏನು ಅಂತ ನಾನೇ ಹೇಳಿಕೊಟ್ಟೆ. ತಂಗಿ ಮನೆಗೆ ಒಂದು ವರ್ಷ ಹೋಗಲಿಲ್ಲ ನಾನು.

2016ರಲ್ಲಿ ಶಿವಮೊಗ್ಗದ ಒಂದು ಹೋಲ್‌ಸೇಲ್ ಏಜೆನ್ಸಿಗೆ ಹೋಗಿ, ಸಂಬಳ ಎರಡು ಸಾವಿರ ಕಡಿಮೆ ಆದರೂ ಪರವಾಗಿಲ್ಲ, ಮೊದಲ ದಿನವೇ ಅಪಾಯಿಂಟ್‌ಮೆಂಟ್ ಲೆಟರ್ ಕೊಡಬೇಕು, ಸಂಬಳ ಬ್ಯಾಂಕಿಗೆ ಹಾಕಬೇಕು ಅಂದೆ. ಅವರು ನನ್ನನ್ನು ಒಂಥರಾ ನೋಡಿದರು. ಕೊಟ್ಟರು. ಮೂವತ್ತು ವರ್ಷ ವಯಸ್ಸಲ್ಲಿ ಆರ್ಡರ್ ಹುಡುಗನಾಗಿ ಬೈಕಿನಲ್ಲಿ ಸಾಗರ, ಸೊರಬ ಸುತ್ತಿದೆ. ನಾಲ್ಕು ವರ್ಷ. ಗೊತ್ತಿದ್ದ ಕೆಲಸವನ್ನೇ ಮತ್ತೆ ಮಾಡಿದೆ, ಈ ಸಲ ಕಾಗದದ ಮೇಲೆ. 2021ರಲ್ಲಿ ನನ್ನ ಹೆಸರಿಗೆ ಲೈಸೆನ್ಸ್ ಬಂತು.

ಈಗ ನಿಮ್ಮ ಪ್ರಶ್ನೆ. ಅನುಭವ ದೊಡ್ಡದಾ, ಸರ್ಟಿಫಿಕೇಟ್ ದೊಡ್ಡದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ನಿಮ್ಮ ಕೌಂಟರ್‌ನಲ್ಲಿ ಇದು ಯಾರು ಬುದ್ಧಿವಂತ ಅನ್ನೋ ಚರ್ಚೆ ಅಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ್ ಚೀಟಿಗೆ ಔಷಧ ಕೊಡಬೇಕಾದ್ದು ರಿಜಿಸ್ಟರ್ಡ್ ಫಾರ್ಮಸಿಸ್ಟ್. ಆರು ವರ್ಷ ಆದರೂ ಅಷ್ಟೇ, ಅರವತ್ತಾದರೂ ಅಷ್ಟೇ. "ನಮ್ಮ ಕಾಲದ ಕಾಂಪೌಂಡರ್‌ಗಳು ಏನು ಓದಿದ್ರು?" ಅಂತ ಹಿರಿಯರು ಹೇಳ್ತಾರೆ. ನಿಜ, ಬಾಟಲಿಗೆ ಡೋಸ್‌ಗೊಂದು ಗೆರೆ ಕತ್ತರಿಸಿದ ಕಾಗದ ಅಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದವರಲ್ಲಿ ಎಷ್ಟೋ ಜನ ಕಾಲೇಜು ಕಂಡಿರಲಿಲ್ಲ. ಆದರೆ ಅದು ಕಾಯ್ದೆ ಬಂದ ಹೊಸತು. ಮೊದಲ ರಿಜಿಸ್ಟರ್ ಮಾಡುವಾಗ ಆಸ್ಪತ್ರೆ, ಡಿಸ್ಪೆನ್ಸರಿಯಲ್ಲಿ ಐದು ವರ್ಷ ಔಷಧ ಬೆರೆಸಿದವರನ್ನೂ ಸೇರಿಸಿಕೊಂಡರು. ಆ ಬಾಗಿಲು ನಾವು ಹುಟ್ಟೋ ಮುಂಚೆಯೇ ಮುಚ್ಚಿದೆ. ಸ್ಕಿಲ್ ಇದ್ದರೆ ಸಾಕು ಅಂತ ಬೆಂಗಳೂರಿನ ಸಾಫ್ಟ್‌ವೇರ್‌ನವರು ಹೇಳೋದನ್ನೂ ಇಲ್ಲಿಗೆ ತರಬೇಡಿ. ಅವರ ಲೋಕ ಬೇರೆ.

ನೀವು ಸೈನ್ಸ್ ಓದಿದ್ದೀರಿ. ನನಗೆ ಆ ಅದೃಷ್ಟ ಇರಲಿಲ್ಲ, ಕಾಮರ್ಸ್‌ನವನಿಗೆ ಡಿ.ಫಾರ್ಮ ಬಾಗಿಲು ತೆರೆಯಲ್ಲ. ಹಾಗಾಗಿ ಓದಿ. ಎರಡು ವರ್ಷ ಕ್ಲಾಸು, ಆಮೇಲೆ 500 ಗಂಟೆ ಪ್ರಾಕ್ಟಿಕಲ್ ಟ್ರೇನಿಂಗ್. ಆ 500 ಗಂಟೆ ನಿಮಗೆ ನೀರು ಕುಡಿದ ಹಾಗೆ. ಕಷ್ಟ ಇರೋದು ಕ್ಲಾಸಿನಲ್ಲಿ, ಹದಿನೆಂಟರ ಮಕ್ಕಳ ಜೊತೆ ಕೂರೋದರಲ್ಲಿ. ಅದು ಹದಿನೈದು ದಿನದ ನಾಚಿಕೆ. "ಬರದಿದ್ರೂ ನಡೆಯುತ್ತೆ, ಅಟೆಂಡೆನ್ಸ್ ಅಡ್ಜಸ್ಟ್ ಮಾಡ್ತೀವಿ" ಅನ್ನೋ ಕಾಲೇಜಿಗೆ ಮಾತ್ರ ಕಾಲಿಡಬೇಡಿ. ಯಾಕೆ ಅಂತ ಗೊತ್ತಿಲ್ಲದೆ ಮಾರೋದು ನಿಮಗೆ ಈಗಾಗಲೇ ಬರುತ್ತೆ. ಅದನ್ನೇ ಫೀಸು ಕಟ್ಟಿ ಮತ್ತೆ ತಗೊಂಡು ಏನು ಮಾಡ್ತೀರಿ? ಡಿ.ಫಾರ್ಮ ಮುಗಿಸಿದ ಮೇಲೆ ರಿಜಿಸ್ಟ್ರೇಷನ್‌ಗೆ ಮುಂಚೆ ಬರೆಯೋ ಎಕ್ಸಿಟ್ ಪರೀಕ್ಷೆಯ ನಿಯಮವೂ 2022ರಲ್ಲಿ ಬಂದಿದೆ, ನಿಮ್ಮ ಬ್ಯಾಚ್‌ಗೆ ಹೇಗೆ ಅಂತ ಸೇರುವಾಗಲೇ ಕೇಳಿಕೊಳ್ಳಿ.

ರಿಜಿಸ್ಟ್ರೇಷನ್ ಆದ ತಿಂಗಳೇ ಯಾರೋ ಒಬ್ಬರು ಬಂದು "ಸರ್ಟಿಫಿಕೇಟ್ ಕೊಡಿ, ಬರೋದು ಬೇಡ, ತಿಂಗಳು ತಿಂಗಳು ದುಡ್ಡು ಮನೆಗೆ" ಅಂತಾರೆ. ಕೊಡಬೇಡಿ. ಅಲ್ಲಿ ಏನಾದರೂ ಹೆಚ್ಚು ಕಡಿಮೆ ಆದರೆ ಹುಡುಕಿಕೊಂಡು ಬರೋದು ಗೋಡೆ ಮೇಲಿನ ಹೆಸರನ್ನು. ಇನ್ನೊಂದು, ಆ ಫ್ರೇಮಿನ ಕೆಳಗೆ ನನ್ನಂಥ ಒಬ್ಬ ಹುಡುಗ ಇತರೆ ಖರ್ಚಿನಲ್ಲಿ ಇರ್ತಾನೆ.

ಇದೆಲ್ಲ ಮುಂದಿನ ಮಾತು. ನಾಳೆ ಬೆಳಿಗ್ಗೆ ಮಾಡಬೇಕಾದ್ದು ಒಂದೇ: ನಿಮ್ಮ ಓನರ್ ಹತ್ರ ಲೆಟರ್ ಕೇಳಿ. ಅಂಗಡಿಯ ಲೆಟರ್‌ಹೆಡ್, ಅದರಲ್ಲಿ ಡ್ರಗ್ ಲೈಸೆನ್ಸ್ ನಂಬರ್, ನಿಮ್ಮ ಹೆಸರು, ಸೇರಿದ ತಾರೀಕು, ಫಾರ್ಮಸಿಸ್ಟ್ ಕೈಕೆಳಗೆ ಏನು ಕೆಲಸ, ಸಂಬಳ, ಸಹಿ, ಸೀಲು. ಸೇರಿದ ತಾರೀಕು ಸರಿಯಾಗಿ ಬರೆಸಿ, ಈ ವರ್ಷದಿಂದ ಅಂತ ಹಾಕಿಬಿಟ್ಟರೆ ಆರು ವರ್ಷ ನೀರಿನಲ್ಲಿ ಹೋಮ. ಇನ್ನು ಮುಂದೆ ಸಂಬಳ ಬ್ಯಾಂಕಿಗೋ ಫೋನ್‌ಪೇಗೋ ಹಾಕಿಸಿ, ಕೈಗೆ ಬೇಡ. ಕೇಳೋಕೆ ಸಂಕೋಚ ಆದರೆ ಬ್ಯಾಂಕ್ ಲೋನಿಗೆ ಬೇಕು ಅನ್ನಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಕೆಲಸಕ್ಕೆ ಸೇರಿದವರಿಗೆ ನೇಮಕದ ಆದೇಶ ಕೊಡಬೇಕು ಅಂತ ಇದೆ, ಆದರೆ ಮೊದಲೇ ಕಾನೂನು ಮಾತಾಡಬೇಡಿ, ಕೆಲಸ ಕೆಡುತ್ತೆ. ಸಂಬಳದ ಸಿಟ್ಟು ಇನ್ನೊಂದು ತಿಂಗಳು ಒಳಗೇ ಇಟ್ಟುಕೊಳ್ಳಿ. ಲೆಟರ್ ಕೈಗೆ ಬಂದ ಮೇಲೆ ಬೇಕಾದರೆ ಜಗಳ ಆಡಿ.

ನನ್ನ ಏಜೆನ್ಸಿಯಲ್ಲಿ ಈಗ ಮೂರು ಜನ ಹುಡುಗರಿದ್ದಾರೆ. ಅವರಿಗೆ ಕೊಡುವ ಲೆಟರ್‌ನ ಮಾದರಿ ನನ್ನ ಹತ್ರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಬೇಕಾದರೆ ಕೆಳಗೆ ಕೇಳಿ, ಹೆಸರು ತೆಗೆದು ಹಾಕ್ತೀನಿ. ಓನರ್‌ಗೆ ಬರೆಯೋ ಕಷ್ಟವೂ ತಪ್ಪುತ್ತೆ, ನೀವೇ ಟೈಪ್ ಮಾಡಿಸಿಕೊಂಡು ಹೋಗಿ. ಬೆಳಿಗ್ಗೆ ಅಂಗಡಿ ತೆಗೆದು ಪೂಜೆ ಆದ ಮೇಲೆ, ಜನ ಬರೋ ಮುಂಚೆ ಕೇಳಿ. ಸಂಜೆ ಕ್ಯಾಶ್ ಲೆಕ್ಕ ಮಾಡುವಾಗ ಬೇಡ.